ಆಗಸ್ಟ್ ತಿಂಗಳ ಗೆಲುವು, ವರ್ಷವಿಡೀ ಅಳುಕು

2023ರ ಆಗಸ್ಟ್ 12ರ ಸಂಜೆ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಡುರಾಂಡ್ ಕಪ್ ಪಂದ್ಯದ 60ನೇ ನಿಮಿಷ ನಡೆಯುತ್ತಿತ್ತು. ಈಸ್ಟ್ ಬೆಂಗಾಲ್ ತಂಡದ ನಂದಕುಮಾರ್ ಶೇಖರ್ ಬಲಬದಿಯಿಂದ ಒಳಕ್ಕೆ ನುಗ್ಗಿ ಎಡಗಾಲಿನಿಂದ ಹೊಡೆದ ಚೆಂಡು ಮೋಹನ್ ಬಾಗಾನ್‌ನ ಬಲೆ ಸೇರಿತು. ಪಂದ್ಯದಲ್ಲಿ ಬಂದದ್ದು ಅದೊಂದೇ ಗೋಲು.

ಲೆಕ್ಕಕ್ಕೆ ಇದು ಗುಂಪು ಹಂತದ ಸಾಧಾರಣ ಪಂದ್ಯ. ಆ ವರ್ಷದ ಇಂಡಿಯನ್ ಸೂಪರ್ ಲೀಗ್ ಆರಂಭಕ್ಕೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಸಮಯವಿತ್ತು. ಆದರೂ ಈಸ್ಟ್ ಬೆಂಗಾಲ್ ಅಭಿಮಾನಿಗಳ ಪಾಲಿಗೆ ಅದು ಹಬ್ಬವೇ ಆಯಿತು. ಕಾರಣವಿಷ್ಟೆ: ಇದಕ್ಕೆ ಮುಂಚೆ ಅವರ ತಂಡ ಮೋಹನ್ ಬಾಗಾನ್ ಎದುರು ಗೆದ್ದದ್ದು 2019ರ ಜನವರಿ 27ರಂದು. ಅಂದು 2–0ರ ಗೆಲುವಿನಲ್ಲಿ ಒಂದು ಗೋಲು ಕೇರಳದ ಹುಡುಗ ಜೋಬಿ ಜಸ್ಟಿನ್ ಹೊಡೆದದ್ದು. ಆಮೇಲೆ ನಾಲ್ಕೂವರೆ ವರ್ಷ, ಸತತ ಎಂಟು ಸೋಲು.

ಎಂಟು ಸೋಲಿನ ಭಾರ ಎಷ್ಟೆಂಬುದು ತಿಳಿಯಬೇಕಾದರೆ ಈ ಎರಡು ಕ್ಲಬ್ಬುಗಳ ಹಳೆಯ ಕಥೆ ಗೊತ್ತಿರಬೇಕು. ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ. 1911ರ ಜುಲೈ 29ರಂದು ಅದು ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿದ್ದು ದೇಶದ ಕಾಲ್ಚೆಂಡಿನ ಇತಿಹಾಸದಲ್ಲಿ ದೊಡ್ಡ ಘಟನೆ. ಈಸ್ಟ್ ಬೆಂಗಾಲ್ 1920ರ ಕೂಸು. ಜೋರಾಬಾಗಾನ್ ಎಂಬ ತಂಡ ಮೋಹನ್ ಬಾಗಾನ್ ಎದುರಿನ ಪಂದ್ಯವೊಂದರಲ್ಲಿ ಪೂರ್ವ ಬಂಗಾಳದ ಆಟಗಾರ ಶೈಲೇಶ್ ಬೋಸ್ ಅವರನ್ನು ಕೈಬಿಟ್ಟಿತು. ಅದರಿಂದ ನೊಂದ ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್‌ಚಂದ್ರ ಚೌಧುರಿ ಹೊರಬಂದು, ಸಮಾನಮನಸ್ಕರೊಡನೆ ತಮ್ಮ ಸೀಮೆಯ ಹೆಸರಿನಲ್ಲೇ ಹೊಸ ಕ್ಲಬ್ ಕಟ್ಟಿದರು ಎಂಬುದು ಪ್ರಚಲಿತ ಕಥೆ.

1947ರ ದೇಶವಿಭಜನೆ ಈ ಪೈಪೋಟಿಯ ಅರ್ಥವನ್ನೇ ಬದಲಿಸಿತು. ಮನೆ, ಹೊಲ, ಹೊಳೆ ಎಲ್ಲವನ್ನೂ ಗಡಿಯಾಚೆ ಬಿಟ್ಟು ಬಂದ ಲಕ್ಷಾಂತರ ಜನ ಕೋಲ್ಕತ್ತದ ಜಾದವ್‌ಪುರ, ಬಿಜಯ್‌ಗಢದಂಥ ಕಡೆ ಗುಡಿಸಲು ಹಾಕಿಕೊಂಡರು. ಮೂಲ ನಿವಾಸಿಗಳಾದ ‘ಘೋಟಿ’ಗಳು ಇವರನ್ನು ‘ಬಾಂಗಾಲ್’ ಎಂದು ಕರೆದರು. ಆ ಮಾತಿನಲ್ಲಿ ತುಸು ಕೊಂಕೂ ಇತ್ತು. ಊರು ಕಳೆದುಕೊಂಡವರಿಗೆ ಊರಿನ ಹೆಸರು ಉಳಿದದ್ದು ಒಂದು ಕಾಲ್ಚೆಂಡಿನ ತಂಡದಲ್ಲಿ ಮಾತ್ರ. ಹೀಗಾಗಿ ಆ ತಂಡದ ಸೋಲು ಬರೀ ಆಟದ ಸೋಲಾಗಿ ಉಳಿಯಲಿಲ್ಲ. ಮಾರನೆಯ ದಿನ ಕಚೇರಿಯಲ್ಲಿ, ಟ್ರಾಮಿನಲ್ಲಿ ತಲೆ ಎತ್ತಿಕೊಂಡು ಹೋಗುವ ಪ್ರಶ್ನೆಯೂ ಆಯಿತು. ಮೀನಿನ ಅಂಗಡಿಯಲ್ಲೂ ಇದೇ ಗೆರೆ: ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ. ಇಂದಿನ ತಲೆಮಾರಿಗೆ ಬಾಂಗಾಲ್–ಘೋಟಿ ಭೇದ ಮನೆಮಾತಿನ ತಮಾಷೆಯಷ್ಟೆ. ‘ಬೊರೊ ಮ್ಯಾಚ್’ ಎಂದು ಬಂಗಾಳಿಗಳು ಕರೆಯುವ ಈ ದೊಡ್ಡ ಪಂದ್ಯದ ದಿನ ಮಾತ್ರ ತಮಾಷೆಗೆ ಬಿಸಿ ಏರುತ್ತದೆ.

ಬೆಂಗಳೂರಿಗೂ ಇದರಲ್ಲಿ ಪಾಲುಂಟು. ಈಸ್ಟ್ ಬೆಂಗಾಲ್ 1949ರಿಂದ 1951ರವರೆಗೆ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಾಗ ಅದರ ಮುಂಚೂಣಿಯ ಐವರನ್ನು ಜನ ‘ಪಂಚಪಾಂಡವರು’ ಎನ್ನುತ್ತಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್. ಇವರಲ್ಲಿ ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವರು. ಬಂಗಾಳದ ನಿರಾಶ್ರಿತರ ಮಾನ ಕಾಯಲು ಕನ್ನಡನಾಡಿನ ಆಟಗಾರ ಬೇಕಾದದ್ದು ಕಾಲ್ಚೆಂಡಿನ ಸೊಗಸು ಎನ್ನಬೇಕು.

2023ರ ಆಸೆಗೂ ಒಂದು ಬೆಂಗಳೂರು ನಂಟು ಇತ್ತು. ಆ ವರ್ಷ ತಂಡದ ಹೊಣೆ ಹೊತ್ತ ಸ್ಪೇನ್‌ನ ಕಾರ್ಲೆಸ್ ಕ್ವಾದ್ರಾತ್ 2018–19ರಲ್ಲಿ ಬೆಂಗಳೂರು ಎಫ್‌ಸಿಗೆ ಸೂಪರ್ ಲೀಗ್ ಕಿರೀಟ ತಂದುಕೊಟ್ಟ ಕೋಚ್. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹಣ ಹೂಡುವವರು ಬದಲಾದಂತೆಲ್ಲ ಆಟಗಾರರು, ಕೋಚ್‌ಗಳು ಬದಲಾಗಿ ತಂಡ ಚೆಲ್ಲಾಪಿಲ್ಲಿಯಾಗಿತ್ತು. ಹೊಸ ಕೋಚ್ ಬಂದ ಕೆಲವೇ ವಾರಗಳಲ್ಲಿ ‘ದೊಡ್ಡ ಪಂದ್ಯ’ ಗೆದ್ದರೆ ಅಭಿಮಾನಿಗೆ ಏನನ್ನಿಸಬೇಡ? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಉತ್ಸಾಹ ಸಹಜವೇ.

ಆದರೆ ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕಿನಂತೆ ಅದೇ ಅಭಿಮಾನಿಗೆ ಅಳುಕೂ ಇತ್ತು. ಆ ಅಳುಕು ಬುಡವಿಲ್ಲದ್ದಲ್ಲ. ಡುರಾಂಡ್ ಕಪ್ 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಹಳೆಯ ಟೂರ್ನಿ. 2019ರಲ್ಲಿ ಅದು ಕೋಲ್ಕತ್ತಕ್ಕೆ ಬಂದು, ಕ್ರಮೇಣ ಋತುವಿನ ಬಾಗಿಲು ತೆರೆಯುವ ಟೂರ್ನಿಯಾಯಿತು. ಆಗಿನ್ನೂ ಆಟಗಾರರ ಮೈ ಪಳಗಿರುವುದಿಲ್ಲ. ಹೊಸಬರು ಒಬ್ಬರಿಗೊಬ್ಬರು ಹೊಂದಿಕೊಂಡಿರುವುದಿಲ್ಲ. ಅಂದು ಸೋತ ಮೋಹನ್ ಬಾಗಾನ್‌ಗೆ ನಾಲ್ಕೇ ದಿನದಲ್ಲಿ ಎಎಫ್‌ಸಿ ಕಪ್ ಅರ್ಹತಾ ಪಂದ್ಯವಿತ್ತು. ಗೆದ್ದ ಈಸ್ಟ್ ಬೆಂಗಾಲ್ ಅದಕ್ಕೆ ಆರು ದಿನ ಮುಂಚೆ ಬಾಂಗ್ಲಾದೇಶದ ಸೇನಾ ತಂಡದೊಡನೆ 2–2ರ ಡ್ರಾ ಮಾಡಿಕೊಂಡಿತ್ತು. ಹದವಾದ ಮೊದಲ ಮಳೆ ಬಿತ್ತನೆಗೆ ಒದಗೀತೇ ಹೊರತು ಸುಗ್ಗಿಯ ಮಾತು ಹೇಳಲಾರದು.

ಅಳುಕು ನಿಜವಾಗಲು ಮೂರೇ ವಾರ ಸಾಕಾಯಿತು. ಸೆಪ್ಟೆಂಬರ್ 3ರಂದು ಅದೇ ಮೈದಾನದಲ್ಲಿ, ಅದೇ ಕಪ್ಪಿನ ಫೈನಲ್‌ನಲ್ಲಿ ಇವೆರಡೇ ತಂಡಗಳು ಮತ್ತೆ ಎದುರಾದವು. ಅನಿರುದ್ಧ ಥಾಪಾ ಕೆಂಪು ಕಾರ್ಡ್ ಪಡೆದು ಹೊರಬಿದ್ದು ಮೋಹನ್ ಬಾಗಾನ್ ಹತ್ತೇ ಆಟಗಾರರಿಗೆ ಇಳಿದಿತ್ತು. ಆದರೂ ದಿಮಿತ್ರಿ ಪೆತ್ರಾತೊಸ್ 71ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ಕಪ್ ಅವರ ಪಾಲಾಯಿತು. ಗುಂಪಿನಲ್ಲಿ ಸೋತವರೇ ಕೊನೆಗೆ ಗೆದ್ದರು. 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ಮತ್ತೆ ಪುಟಿಯಿತು: ಭುವನೇಶ್ವರದ ಸೂಪರ್ ಕಪ್‌ನಲ್ಲಿ ಮೋಹನ್ ಬಾಗಾನನ್ನು 3–1ರಿಂದ ಮಣಿಸಿ, ಫೈನಲ್‌ನಲ್ಲಿ ಒಡಿಶಾ ತಂಡವನ್ನು ಹೆಚ್ಚುವರಿ ಸಮಯದಲ್ಲಿ 3–2ರಿಂದ ಸೋಲಿಸಿತು. ಹನ್ನೆರಡು ವರ್ಷಗಳ ನಂತರ ಬಂದ ರಾಷ್ಟ್ರೀಯ ಟ್ರೋಫಿ ಅದು. ಆದರೆ ಹನ್ನೆರಡು ತಂಡಗಳ ಲೀಗಿನಲ್ಲಿ ಆ ವರ್ಷ ಸಿಕ್ಕಿದ್ದು ಒಂಬತ್ತನೆಯ ಸ್ಥಾನ. ಅಗ್ರಸ್ಥಾನದ ಶೀಲ್ಡ್ ಮೋಹನ್ ಬಾಗಾನ್‌ಗೆ ಹೋಯಿತು. ಮುಂದಿನ ಋತುವಿನ ಮೊದಲ ಮೂರು ಪಂದ್ಯಗಳನ್ನೂ ಈಸ್ಟ್ ಬೆಂಗಾಲ್ ಸೋತಿತು. ಅದರಲ್ಲಿ ಮೊದಲನೆಯದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ. ಕ್ವಾದ್ರಾತ್ ಹೊರಟರು.

ಹಾಗಾದರೆ ಆಗಸ್ಟ್ 12ರ ಗೆಲುವಿಗೆ ಬೆಲೆಯೇ ಇಲ್ಲವೆ? ಲೀಗಿನ ಪಟ್ಟಿಯಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ, ನಿಜ. ಆದರೆ ದೊಡ್ಡ ಪಂದ್ಯದ ಲೆಕ್ಕದ ಪುಸ್ತಕವೇ ಬೇರೆ. 1975ರ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5–0ರಿಂದ ಗೆದ್ದದ್ದನ್ನು ಆಗ ಹುಟ್ಟದೇ ಇದ್ದವರೂ ನೆನೆಯುತ್ತಾರೆ. ಆ ವರ್ಷದ ಉಳಿದ ಪಂದ್ಯಗಳ ಅಂಕಿಸಂಖ್ಯೆ ಎಷ್ಟು ಜನಕ್ಕೆ ನೆನಪಿದ್ದೀತು? ಆ ಪುಸ್ತಕದಲ್ಲಿ ಕಪ್ಪು ಪುಟಗಳೂ ಇವೆ. 5–0ರ ಸೋಲು ತಾಳಲಾರದೆ ಮೋಹನ್ ಬಾಗಾನ್‌ನ ಯುವ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ತಂಡಗಳ ಪಂದ್ಯದ ವೇಳೆ ಗಲಭೆ, ನೂಕುನುಗ್ಗಲಾಗಿ 16 ಮಂದಿ ಸತ್ತರು. ಅವರ ನೆನಪಿಗೆ ಆ ದಿನ ನಗರದಲ್ಲಿ ರಕ್ತದಾನ ನಡೆಯುತ್ತ ಬಂದಿದೆ. ಪಂದ್ಯವೇ ನಡೆಯದೆ ದಾಖಲಾದ ದಿನವೂ ಒಂದುಂಟು. ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಕೊಲೆಯ ನಂತರ, 2024ರ ಆಗಸ್ಟ್ 18ರ ಪಂದ್ಯವನ್ನು ಭದ್ರತೆಯ ಕಾರಣಕ್ಕೆ ರದ್ದು ಮಾಡಿದಾಗ ಎರಡೂ ಕಡೆಯವರು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ನ್ಯಾಯ ಕೇಳಿದರು.

ಮರುವರ್ಷ ಹಳೆಯ ಆಟವೇ ಮರುಕಳಿಸಿತು. 2025ರ ಆಗಸ್ಟ್ 17ರ ಡುರಾಂಡ್ ಕ್ವಾರ್ಟರ್ ಫೈನಲ್‌ನಲ್ಲಿ ಗ್ರೀಸ್‌ನ ದಿಮಿತ್ರಿಯೊಸ್ ದಿಯಾಮಂತಾಕೊಸ್ ಎರಡು ಗೋಲು ಹೊಡೆದು ಈಸ್ಟ್ ಬೆಂಗಾಲ್‌ಗೆ 2–1ರ ಜಯ ತಂದರು. ಎದುರಿಗಿದ್ದದ್ದು ಹಿಂದಿನ ಋತುವಿನ ಲೀಗ್ ಶೀಲ್ಡ್, ಕಪ್ ಎರಡನ್ನೂ ಗೆದ್ದ ಮೋಹನ್ ಬಾಗಾನ್. ಸಂಭ್ರಮಕ್ಕೆ ಕೊರತೆ ಇರಲಿಲ್ಲ. ಈ ಸಲ ಅದು ಉಳಿದದ್ದು ಮೂರೇ ದಿನ. 20ರಂದು ಸೆಮಿಫೈನಲ್‌ನಲ್ಲಿ ಡುರಾಂಡ್‌ಗೆ ಅದೇ ಮೊದಲ ಬಾರಿ ಕಾಲಿಟ್ಟಿದ್ದ ಡೈಮಂಡ್ ಹಾರ್ಬರ್ ತಂಡ ಈಸ್ಟ್ ಬೆಂಗಾಲನ್ನು 2–1ರಿಂದ ಮನೆಗೆ ಕಳಿಸಿತು. ನಿರ್ಣಾಯಕ ಗೋಲು ಹೊಡೆದವರು ಜೋಬಿ ಜಸ್ಟಿನ್.