ಭಾಗಿಸದೆಯೇ ಸಿಕ್ಕ 39 ಅಂಕಿಗಳ ಅವಿಭಾಜ್ಯ

170141183460469231731687303715884105727.

127 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆಯಿದು. 1 ಮತ್ತು ತನ್ನನ್ನು ಬಿಟ್ಟರೆ ಬೇರಾವುದರಿಂದಲೂ ಇದು ನಿಶ್ಶೇಷವಾಗಿ ಭಾಗವಾಗದು ಎಂದು ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1876ರಲ್ಲಿ ತೋರಿಸಿದ. ಬಿಲ್ಲೆಗಳನ್ನು ಕಂಬದಿಂದ ಕಂಬಕ್ಕೆ ಸಾಗಿಸುವ 'ಹನೋಯ್ ಗೋಪುರ'ದ ಆಟ ಕಟ್ಟಿದವನೂ ಇವನೇ.

ಶಾಲೆಯಲ್ಲಿ ಕಲಿತಂತೆ 3, 5, 7 ಎಂದು ಬೆಸಸಂಖ್ಯೆಗಳಿಂದ ಭಾಗಿಸುತ್ತ ವರ್ಗಮೂಲದವರೆಗೆ ಹೋಗಬಹುದಿತ್ತು. ಸೆಕೆಂಡಿಗೊಂದು ಭಾಗಾಕಾರ ಮುಗಿಸಿದರೂ ಸುಮಾರು 20 ಸಾವಿರ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ! ಲ್ಯೂಕಾ ಆ ಗೋಜಿಗೇ ಹೋಗಲಿಲ್ಲ.

ಅವನ ಉಪಾಯವನ್ನು 127 ಎಂಬ ಪುಟ್ಟ ಸಂಖ್ಯೆಯ ಮೇಲೆ ನೀವೇ ಮಾಡಿ ನೋಡಬಹುದು. ಅದೂ ಏಳು ಎರಡುಗಳ ಗುಣಲಬ್ಧಕ್ಕಿಂತ ಒಂದು ಕಡಿಮೆ. 3ರಿಂದ ಶುರುಮಾಡಿ. ವರ್ಗ ಮಾಡಿ 2 ಕಳೆಯಿರಿ: 7. ಇನ್ನೊಮ್ಮೆ: 47. ಮತ್ತೊಮ್ಮೆ: 2207. ಇದು 127ನ್ನು ಮೀರಿತಲ್ಲ, ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ: 48. ಅದರ ವರ್ಗದಲ್ಲಿ 2 ಕಳೆದರೆ 2302, ಶೇಷ 16. 16ರ ವರ್ಗ 256, ಎರಡು ಕಳೆದರೆ 254. ಅದು 127ರ ಸರಿಯಾಗಿ ಎರಡರಷ್ಟು, ಶೇಷ ಸೊನ್ನೆ. ಐದನೇ ಹೆಜ್ಜೆಗೆ ಸೊನ್ನೆ ಬಂದದ್ದರಿಂದ 127 ಅವಿಭಾಜ್ಯ.

39 ಅಂಕಿಯದಕ್ಕೂ ಇದೇ ಲೆಕ್ಕ, ಆದರೆ ಏಳು ಎರಡುಗಳಿಗೆ ಐದು ಹೆಜ್ಜೆಯಾದರೆ 127 ಎರಡುಗಳಿಗೆ 125 ಹೆಜ್ಜೆ. ಅಷ್ಟುದ್ದದ ಸಂಖ್ಯೆಗಳನ್ನು ಕೈಯಲ್ಲೇ ವರ್ಗ ಮಾಡುತ್ತ, ಶೇಷ ತೆಗೆಯುತ್ತ ಹೋಗಬೇಕು. ನಡುವೆ ಒಂದಂಕಿ ತಪ್ಪಿದರೂ ಕೊನೆಗೆ ಏನೋ ಒಂದು ಶೇಷ ಉಳಿಯುತ್ತದೆ. ತಪ್ಪು ಲೆಕ್ಕಕ್ಕೆ ಸೊನ್ನೆ ದಕ್ಕುವುದು ಇಲ್ಲವೆನ್ನುವಷ್ಟು ಅಪರೂಪ.

ಈ ಪರೀಕ್ಷೆಯ ನಿಜವಾದ ಸೋಜಿಗ ಬೇರೆಯೇ ಇದೆ. ಎರಡರ ಯಾವ ಘಾತಗಳಲ್ಲಿ ಒಂದು ಕಳೆದರೆ ಅವಿಭಾಜ್ಯ ಸಿಗುತ್ತದೆ ಎಂದು ಮೆರ್ಸೆನ್ ಎಂಬ ಪಾದ್ರಿ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 127ನೆಯದರ ಜೊತೆ 67ನೇ ಘಾತವೂ ಇತ್ತು. ಕೊನೆಗೆ ಸೊನ್ನೆ ಬಾರದ್ದರಿಂದ 67ನೆಯದರಿಂದ ಸಿಗುವ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯೂಕಾ ಅದೇ 1876ರಲ್ಲಿ ಹೇಳಿದ. ಯಾವುದರಿಂದ ಭಾಗವಾಗುತ್ತದೆ ಎಂದು ಕೇಳಿದ್ದರೆ ಅವನ ಬಳಿ ಉತ್ತರವಿರಲಿಲ್ಲ. 193707721 ಮತ್ತು 761838257287 ಎಂಬ ಅಪವರ್ತನಗಳನ್ನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಮುಂದಿಟ್ಟದ್ದು 1903ರಲ್ಲಿ. ಕಳ್ಳ ಸಿಗದಿದ್ದರೂ ಕಳ್ಳತನ ಸಾಬೀತಾದಂಥ ಪ್ರಕರಣ.

ಲ್ಯೂಕಾನ ಸಂಖ್ಯೆ 1951ರವರೆಗೂ ಗೊತ್ತಿದ್ದ ಅವಿಭಾಜ್ಯಗಳಲ್ಲೇ ದೊಡ್ಡದಾಗಿತ್ತು. ಅಮೆರಿಕದ ಡಿ.ಎಚ್. ಲೆಹ್ಮರ್ ಅವನ ವಿಧಾನವನ್ನು ಒಪ್ಪಗೊಳಿಸಿದ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ, 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯವನ್ನು ಖಚಿತಪಡಿಸಿದ್ದೂ ಆ ಪರೀಕ್ಷೆಯೇ. ಕಂಪ್ಯೂಟರು ವೇಗ ಕೊಟ್ಟಿತು, ಬುದ್ಧಿ ಹಳೆಯದೇ.

ಆದರೆ ಈ ಪರೀಕ್ಷೆಗೂ ಎಟುಕದ ಒಂದು ಪ್ರಶ್ನೆಯಿದೆ. 2, 3, 7, 127, ಆಮೇಲೆ ನಮ್ಮ 39 ಅಂಕಿಯದು: ಪ್ರತಿಯೊಂದೂ ಹಿಂದಿನದನ್ನು ಎರಡರ ಘಾತವಾಗಿಸಿ ಒಂದು ಕಳೆದಾಗ ಹುಟ್ಟಿದ್ದು, ಐದೂ ಅವಿಭಾಜ್ಯಗಳೇ. ಆರನೆಯದರಲ್ಲಿ ಎಷ್ಟು ಅಂಕಿಗಳಿವೆ ಎಂದು ಬರೆಯಲೇ 38 ಅಂಕಿ ಬೇಕು. ಅದು ಅವಿಭಾಜ್ಯವೇ ಅಲ್ಲವೇ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.