ಬಿಸಿಲ ನಾಡಿನ ಕರೆಂಟ್ ಬಿಲ್ಲು

ಏಪ್ರಿಲ್, ಮೇ ತಿಂಗಳ ಕರೆಂಟ್ ಬಿಲ್ಲು ಕೈಗೆ ಬಂದಾಗ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ಮೀಟರ್ ಜೋರಾಗಿ ಓಡುತ್ತಿದೆ. ಇನ್ನೊಂದು, ದರ ಏರಿಸಿಬಿಟ್ಟಿದ್ದಾರೆ. ಎರಡೂ ಸಾಧ್ಯವೇ, ಎರಡನ್ನೂ ಪರೀಕ್ಷಿಸಿ ನೋಡಲೇಬೇಕು. ಆದರೆ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವುದು ಮಾಮೂಲಾಗಿರುವ ಈ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಗೋಡೆಯ ಮೇಲಿನ ಮೀಟರನ್ನಲ್ಲ, ತಲೆಯ ಮೇಲಿನ ಸ್ಲ್ಯಾಬನ್ನು. ಹಗಲೆಲ್ಲ ಕಾದ ಮನೆಯನ್ನು ಇಪ್ಪತ್ತನಾಲ್ಕು ತಾಸು ತಣ್ಣಗಿಡುವ ಹೋರಾಟದಲ್ಲಿಯೇ ಯೂನಿಟ್‌ಗಳು ಸುರಿದುಹೋಗುತ್ತವೆ. ಇದನ್ನು ಊಹೆಯಾಗಿ ಒಪ್ಪಬೇಕಿಲ್ಲ. ಹಳೆಯ ಬಿಲ್ಲು, ಒಂದು ಪೆನ್ನು, ಸ್ವಲ್ಪ ತಾಳ್ಮೆ ಇದ್ದರೆ ಯಾರು ಬೇಕಾದರೂ ತಮ್ಮ ಮನೆಯಲ್ಲೇ ತಾಳೆ ನೋಡಬಹುದು.

ಮೊದಲು ದರದ ಮಾತು. ಎರಡು ವರ್ಷಗಳ ಬಿಲ್ಲುಗಳನ್ನು ಹೋಲಿಸುವಾಗ ರೂಪಾಯಿ ನೋಡದೆ ಯೂನಿಟ್ ನೋಡಬೇಕು, ಯಾಕೆಂದರೆ ರೂಪಾಯಿಯ ಲೆಕ್ಕ ವರ್ಷವರ್ಷವೂ ಬದಲಾಗಿದೆ. 2023ರ ಮೇ ತಿಂಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹೊರಡಿಸಿದ ಆದೇಶದಂತೆ ತಿಂಗಳಿಗೆ 100 ಯೂನಿಟ್ ಮೀರಿದ ಮನೆ ಎಲ್ಲ ಯೂನಿಟ್‌ಗಳಿಗೂ 7 ರೂಪಾಯಿ ಕೊಡಬೇಕಿತ್ತು, 100ರೊಳಗಿದ್ದರೆ 4.75 ರೂಪಾಯಿ. ಮರುವರ್ಷ ಈ ಸ್ಲ್ಯಾಬ್ ಪದ್ಧತಿಯೇ ಹೋಗಿ ಎಲ್ಲರಿಗೂ 5.90 ಆಯಿತು. 2025-26ಕ್ಕೆ ಅದು 5.80ಕ್ಕೆ ಇಳಿದರೂ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿಕೊಂಡಿತು. ನಿಗದಿತ ಶುಲ್ಕ ಮಾತ್ರ ಪ್ರತಿ ಕಿಲೋವ್ಯಾಟ್‌ಗೆ 110ರಿಂದ 120ಕ್ಕೆ, ಅಲ್ಲಿಂದ 2025-26ರಲ್ಲಿ 145ಕ್ಕೆ ಏರಿತು. ಇಂಧನ ಹೊಂದಾಣಿಕೆ ಶುಲ್ಕವನ್ನೂ ತೆರಿಗೆಯನ್ನೂ ಬದಿಗಿಟ್ಟು ಲೆಕ್ಕ ಹಾಕಿದರೆ 205 ಯೂನಿಟ್ ಸುಡುವ ಮನೆಯ ಶಕ್ತಿ ಶುಲ್ಕ 2023-24ರಲ್ಲಿ 1,435 ರೂಪಾಯಿ ಇದ್ದದ್ದು 2025-26ರಲ್ಲಿ 36 ಪೈಸೆಯನ್ನು ಸೇರಿಸಿಯೂ ಸುಮಾರು 1,263. ಎರಡು ಕಿಲೋವ್ಯಾಟ್ ಮಂಜೂರಾತಿಯ ಮನೆಗೆ ನಿಗದಿತ ಶುಲ್ಕ 70 ರೂಪಾಯಿ ಏರಿದರೂ ಒಟ್ಟು ಮೊತ್ತ ಇಳಿದೇ ಇತ್ತು. 80 ಯೂನಿಟ್ ಬಳಸುವ ಸಣ್ಣ ಮನೆಯ ದರ ಏರಿದ್ದು ನಿಜ, ಆದರೆ ಅಂಥ ಹೆಚ್ಚಿನ ಮನೆಗಳನ್ನು ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಕಾಯುತ್ತಿದೆ. ಹಾಗಾಗಿ ದೊಡ್ಡ ಬಿಲ್ಲು ಬಂದ ಮನೆಯವರು ದರವನ್ನೇ ದೂರುವ ಮೊದಲು ಯೂನಿಟ್ ಎಷ್ಟು ಹೆಚ್ಚಿದೆ ಎಂದು ನೋಡುವುದು ಒಳ್ಳೆಯದು. ಎರಡು ರೀಡಿಂಗ್‌ಗಳ ನಡುವೆ ಎಷ್ಟು ದಿನ ಕಳೆದಿದೆ ಎಂಬುದನ್ನೂ ನೋಡಬೇಕು. ರೀಡಿಂಗ್ ವಾರ ತಡವಾದರೆ ಬಿಲ್ಲಿನಲ್ಲಿ ವಾರದ ಯೂನಿಟ್ ಹೆಚ್ಚುತ್ತದೆ.

ಬಿಲ್ಲು ಮೆಲ್ಲಗೆ ಏರದೆ ಒಮ್ಮೆಲೇ ಜಿಗಿಯುವುದಕ್ಕೆ ಕಾರಣ ಗೃಹಜ್ಯೋತಿಯ ನಿಯಮದಲ್ಲಿದೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಪಡೆದ ಈ ಯೋಜನೆಯಲ್ಲಿ ಮನೆಯೊಂದರ ಉಚಿತ ಮಿತಿ ಎಂದರೆ 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇಕಡಾ ಹತ್ತರ ಬದಲು 10 ಯೂನಿಟ್ ಸೇರಿಸಿ ಕೊಡಲಾಗುತ್ತಿದೆ. ಮಿತಿ ಮೀರಿ 200ರೊಳಗೆ ನಿಂತರೆ ಹೆಚ್ಚಾದ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ಲು. 2025-26ರ ದರದಲ್ಲಿ 165 ಯೂನಿಟ್ ಮಿತಿಯ ಮನೆಯೊಂದು 199 ಬಳಸಿದರೆ ಹೆಚ್ಚುವರಿ 34 ಯೂನಿಟ್‌ಗೆ ಶೇ. 9ರ ತೆರಿಗೆಯೂ ಸೇರಿ ಸುಮಾರು 230 ರೂಪಾಯಿ ಆಗುತ್ತದೆ. ಅದೇ ಮನೆ 201 ಬಳಸಿದರೆ, ಎರಡು ಕಿಲೋವ್ಯಾಟ್‌ನ ನಿಗದಿತ ಶುಲ್ಕವನ್ನೂ ಕೂಡಿಸಿ, 1,600 ದಾಟುತ್ತದೆ. ಎರಡೇ ಯೂನಿಟ್‌ಗೆ ಇಷ್ಟು ವ್ಯತ್ಯಾಸ! ಮೀಟರ್ ಕೆಟ್ಟಿದೆ ಎಂದು ಜನ ನಂಬುವುದು ಸಹಜ. ಕೆಟ್ಟಿರುವುದು ಮೀಟರ್ ಅಲ್ಲ, ಆ ತಿಂಗಳ ಬಳಕೆ ಗೆರೆ ದಾಟಿದೆ, ಅಷ್ಟೇ.

ಹಾಗಾದರೆ ಆ ಯೂನಿಟ್‌ಗಳು ಹೋದದ್ದೆಲ್ಲಿ? ಪತ್ತೆ ಹಚ್ಚುವ ದಾರಿ ಕಷ್ಟದ್ದಲ್ಲ. ಮೀಟರ್ ಮೇಲೆ ಮಿನುಗುವ ಸಣ್ಣ ಕೆಂಪು ದೀಪವಿದೆ, ಪಕ್ಕದಲ್ಲೇ ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಆಗಿದ್ದು, ಒಂದು ನಿಮಿಷಕ್ಕೆ ದೀಪ 16 ಸಲ ಮಿನುಗಿದರೆ ಆ ಹೊತ್ತಿಗೆ ಮನೆ 300 ವ್ಯಾಟ್ ಎಳೆಯುತ್ತಿದೆ ಎಂದರ್ಥ. ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ನೋಡಬೇಕು. ಆಗಲೂ ದೀಪ ಮಿನುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ: ಹಸಿ ಗೋಡೆಯೊಳಗಿನ ಹಳೆಯ ವೈರು, ಇನ್ಸುಲೇಷನ್ ಕೆಟ್ಟ ಮೋಟರು, ಇಲ್ಲವೇ ನಮ್ಮ ಮೀಟರಿನಿಂದ ಬೇರೆಲ್ಲಿಗೋ ಹೋಗಿರುವ ಒಂದು ಎಳೆ. ಅರ್ಧ ಆಂಪಿಯರ್ ಸೋರಿದರೂ 115 ವ್ಯಾಟ್. ಹಗಲು ರಾತ್ರಿ ಸೋರಿದರೆ ತಿಂಗಳಿಗೆ 80 ಯೂನಿಟ್ ಮೀರುತ್ತದೆ. ಇದು ಬಿಲ್ಲಿನ ಮಾತಷ್ಟೇ ಅಲ್ಲ, ಜೀವಕ್ಕೂ ಅಪಾಯ. ಇಲ್ಲಿ ಸ್ವಂತ ಕೈ ಹಾಕದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಬೇಕು. ದೀಪ ಸುಮ್ಮನಾದರೆ ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕುತ್ತಾ ಯಾವುದಕ್ಕೆ ಎಷ್ಟು ಮಿನುಗುತ್ತದೆ ಎಂದು ಬರೆದುಕೊಳ್ಳಬೇಕು. ರಾತ್ರಿ ಮಲಗುವಾಗಿನ ರೀಡಿಂಗ್, ಬೆಳಗ್ಗೆ ಎದ್ದಾಗಿನ ರೀಡಿಂಗ್, ಇವೆರಡನ್ನು ಒಂದು ವಾರ ಬರೆದಿಟ್ಟರೆ ನಿದ್ದೆಯ ಹೊತ್ತಿನಲ್ಲಿ ಮನೆ ಎಷ್ಟು ತಿನ್ನುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಲೆಕ್ಕ ಹೊಂದದಿದ್ದರೆ ಮೀಟರನ್ನೇ ಪ್ರಶ್ನಿಸುವ ಹಕ್ಕು ಗ್ರಾಹಕನಿಗಿದೆ. ಆ ಹಕ್ಕನ್ನು ಬಳಸಬೇಕು, ಬೈದು ಸುಮ್ಮನಾಗಬಾರದು. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ರೀಡಿಂಗ್ ನಿಜವಾದ ಬಳಕೆಗೆ ಹೊಂದುತ್ತಿಲ್ಲ ಎಂದು ದೂರು ಕೊಟ್ಟ ಐದು ದಿನಗಳೊಳಗೆ ಕಂಪನಿ ಇನ್ನೊಂದು ಮೀಟರ್ ಕೂಡಿಸಿ, ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕು. ಈ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂಗೆ, ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಬರೆದು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಮುಖ್ಯ. ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರಾಚೆ ಓಂಬುಡ್ಸ್‌ಮನ್ ಇದ್ದಾರೆ. ವಾರದ ರೀಡಿಂಗ್ ಬರೆದಿಟ್ಟ ಹಾಳೆ ಕೈಯಲ್ಲಿದ್ದರೆ ಈ ದೂರಿಗೆ ಬಲ ಬರುತ್ತದೆ.

ಮೀಟರ್ ಸರಿಯಿದೆ, ಸೋರಿಕೆಯಿಲ್ಲ ಎಂದಾದ ಮೇಲೆ ಉಳಿಯುವುದು ಸೆಕೆ. 75 ವ್ಯಾಟಿನ ಮೂರು ಹಳೆಯ ಫ್ಯಾನುಗಳು ಚಳಿಗಾಲದಲ್ಲಿ ದಿನಕ್ಕೆ ಎಂಟು ತಾಸು ತಿರುಗಿದರೆ ತಿಂಗಳಿಗೆ 54 ಯೂನಿಟ್. ಮೇ ತಿಂಗಳಲ್ಲಿ ಇಪ್ಪತ್ತು ತಾಸು ತಿರುಗಿದರೆ 135. ಜತೆಗೆ 180 ವ್ಯಾಟಿನ ಕೂಲರ್ ಹನ್ನೆರಡು ತಾಸು ನಡೆದರೆ ಇನ್ನೊಂದು 65. ಎಸಿ ಇಲ್ಲ, ಹೊಸ ಸಾಮಾನು ಯಾವುದೂ ಬಂದಿಲ್ಲ, ಆದರೂ ಬಳಕೆ ಸುಮಾರು 145 ಯೂನಿಟ್ ಏರಿತು. ಬೇಸಿಗೆಯಲ್ಲಿ ಫ್ರಿಜ್ ಕೂಡ ಹೆಚ್ಚು ಹೊತ್ತು ಓಡುತ್ತದೆ. ಕಲ್ಲು ಪಾಲಿಶ್ ಯಂತ್ರಗಳ, ಸಿಮೆಂಟ್ ಲಾರಿಗಳ ಧೂಳು ಹಿಂಬದಿಯ ಕಾಯಿಲ್ ಮೇಲೆ ಕೂತರೆ ಇನ್ನಷ್ಟು. ಫ್ಯಾನು ಇಪ್ಪತ್ತು ತಾಸು ಯಾಕೆ ಬೇಕಾಗುತ್ತದೆ? ಮಧ್ಯಾಹ್ನದ ಬಿಸಿಲಿಗೆ ಬಣ್ಣಗೆಟ್ಟ ಕಪ್ಪು ಸ್ಲ್ಯಾಬಿನ ಮೈ 60 ಡಿಗ್ರಿ ಮುಟ್ಟಬಲ್ಲದು. ಆ ಕಾವು ಗಚ್ಚಿನೊಳಗೆ ನಿಧಾನವಾಗಿ ಇಳಿದು ಮನೆಮಂದಿ ಮಲಗುವ ಹೊತ್ತಿಗೆ ಕೋಣೆಗೆ ಬಂದು ಸೇರುತ್ತದೆ. ಹೊರಗೆ ಗಾಳಿ ತಂಪಾದರೂ ಒಳಗೆ ಬೇಗೆ ಆರುವುದಿಲ್ಲ. ಪತ್ರಾಸಿನ ಮನೆಗಳ ಪಾಡು ಇನ್ನೂ ಕಷ್ಟ, ಹಗಲಲ್ಲಿ ಒಳಗೆ ಕೂರುವಂತೆಯೇ ಇರುವುದಿಲ್ಲ. ಹಿಂದಿನ ಮಣ್ಣಿನ ಮಾಳಿಗೆಯ ದಪ್ಪ ಪದರ ಈ ಕಾವನ್ನು ಮೇಲೆಯೇ ತಡೆಯುತ್ತಿತ್ತು. ಅದರ ಜಾಗಕ್ಕೆ ತೆಳುವಾದ ಸ್ಲ್ಯಾಬ್ ಬಂದಾಗ ಸೋರುವ ಚಿಂತೆ ತಪ್ಪಿತು, ಸೆಕೆಯ ಖರ್ಚು ಸೇರಿಕೊಂಡಿತು.

ಆದ್ದರಿಂದ ಮೊದಲ ರಿಪೇರಿ ಮಾಳಿಗೆಯದ್ದು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕೋಣೆಯ ಕಾವು ಕೆಲವು ಡಿಗ್ರಿ ಇಳಿಯುತ್ತದೆ. ಅಹಮದಾಬಾದ್ ನಗರ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ರೂಪಿಸಿ, ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಳಿಸುವ ಕೆಲಸ ಮಾಡಿತು. ಸೇಡಂ, ಚಿಂಚೋಳಿಗೆ ಹೊಂದಿಕೊಂಡ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ರಾಜ್ಯನೀತಿ ಪ್ರಕಟಿಸಿತು. ಸುಣ್ಣದ ಕಲ್ಲಿನ ಮೇಲೆಯೇ ಕೂತಿರುವ, ದೇಶಕ್ಕೆಲ್ಲ ಪರ್ಸಿ ಮತ್ತು ಸಿಮೆಂಟ್ ಕಳಿಸುವ ಈ ಸೀಮೆಗೆ ಸುಣ್ಣ ದೂರದ ವಸ್ತುವಲ್ಲ. ಮಳೆಗೆ ಸುಣ್ಣ ತೊಳೆದುಹೋಗುತ್ತದಲ್ಲ ಎಂದು ಕೇಳಬಹುದು. ಹೋಗುತ್ತದೆ, ಆದರೆ ಮಾರ್ಚ್‌ನಲ್ಲಿ ಬಳಿದದ್ದು ಜೂನ್‌ವರೆಗೆ ನಿಂತರೆ ಅದರ ಕೆಲಸ ಮುಗಿದಂತೆ. ಎರಡನೆಯದು ಕೂಲರ್. ಇಲ್ಲಿನ ಒಣ ಸೆಕೆಗೆ ಅದಕ್ಕಿಂತ ಅಗ್ಗದ ತಂಪಿಲ್ಲ. ಒಂದೂವರೆ ಟನ್ ಎಸಿ ಎಂಟು ತಾಸಿಗೆ ಸುಮಾರು ಹತ್ತು ಯೂನಿಟ್ ತಿಂದರೆ ಕೂಲರ್‌ಗೆ ಒಂದೂವರೆ ಸಾಕು. ಅದನ್ನು ಕಿಟಕಿಗೆ ಕೂರಿಸಿ, ಎದುರಿನ ಬಾಗಿಲು ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿಟ್ಟರೆ ತೇವ ಹೆಚ್ಚಿ ಸೆಕೆಯೇ ಜಾಸ್ತಿಯಾಗುತ್ತದೆ. ಕೂಲರ್‌ಗೆ ನೀರು ಬೇಕು, ಬೇಸಿಗೆಯಲ್ಲಿ ನೀರಿಗೇ ತತ್ವಾರ ಎಂಬ ಆಕ್ಷೇಪ ನ್ಯಾಯವಾದದ್ದು. ಮಾಳಿಗೆ ಬಿಳಿಯಾದರೆ ಕೂಲರ್ ನಡೆಯುವ ತಾಸುಗಳೂ ನೀರೂ ಕಡಿಮೆಯಾಗುತ್ತವೆ, ಮಾಳಿಗೆಯನ್ನು ಮೊದಲಿಡುವುದು ಇದಕ್ಕೇ. ಮೂರನೆಯದು ಫ್ಯಾನು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಾದರೆ ಮೇ ತಿಂಗಳ ಆ 135 ಯೂನಿಟ್ 54ಕ್ಕೆ ಇಳಿಯುತ್ತದೆ.

ಬಿಲ್ಲು ಸೊನ್ನೆ ಬರುವವರಿಗೆ ಇದೆಲ್ಲ ಯಾಕೆ, ಬಾಡಿಗೆ ಮನೆಯವರು ಬೇರೆಯವರ ಮಾಳಿಗೆಗೆ ಖರ್ಚು ಮಾಡುವುದೇಕೆ ಎಂಬ ಪ್ರಶ್ನೆಗಳೂ ಬರುತ್ತವೆ. ಸೊನ್ನೆ ಬಿಲ್ಲು ಖಾಯಂ ಅಲ್ಲ, ಮಿತಿ ಮೀರಿದ ತಿಂಗಳೇ ಹೊರೆ ಬೀಳುತ್ತದೆ. ಬಾಡಿಗೆದಾರ ಫ್ಯಾನು ಬದಲಿಸಿದರೆ ಮನೆ ಬಿಡುವಾಗ ಅದು ಅವನ ಜತೆಗೇ ಹೋಗುತ್ತದೆ; ಮಾಳಿಗೆಯ ಸುಣ್ಣ ಮಾತ್ರ ಮಾಲೀಕನ ಹೊಣೆ, ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಆದರೆ ಎಲ್ಲ ಹೊಣೆಯನ್ನೂ ಮನೆಯವರ ಮೇಲೆ ಹೊರಿಸುವುದು ಅನ್ಯಾಯ. ಹನ್ನೆರಡು ತಿಂಗಳ ಸರಾಸರಿಯಿಂದ ಹುಟ್ಟಿದ ಮಿತಿಯನ್ನು ಪ್ರತಿ ತಿಂಗಳಿಗೂ ಒಂದೇ ಸಮನಾಗಿ ಹಾಕುವ ಲೆಕ್ಕ, ಬೇಸಿಗೆಗೂ ಚಳಿಗೂ ಬಳಕೆಯಲ್ಲಿ ಹೆಚ್ಚು ಅಂತರವಿಲ್ಲದ ಊರುಗಳಿಗೆ ಸರಿಹೋಗಬಹುದು. ಡಿಸೆಂಬರ್‌ನಲ್ಲಿ 90 ಯೂನಿಟ್, ಮೇನಲ್ಲಿ 235 ಯೂನಿಟ್ ಬಳಸಬೇಕಾದ ಕಲಬುರಗಿಯ ಮನೆಗೆ ಅದು ಹೊಂದುವುದಿಲ್ಲ. ಚಳಿಗಾಲದಲ್ಲಿ ಆ ಮನೆ ಬಿಟ್ಟುಕೊಟ್ಟ ಯೂನಿಟ್ ಬೇಸಿಗೆಗೆ ಸಿಗುವುದೂ ಇಲ್ಲ. ಮಿತಿಯನ್ನು ವರ್ಷಕ್ಕೆ ಒಟ್ಟಾಗಿ ಲೆಕ್ಕ ಹಾಕಲಿ, ಅಥವಾ ಜೆಸ್ಕಾಂ ವ್ಯಾಪ್ತಿಯ ಬಿಸಿಲಿನ ಜಿಲ್ಲೆಗಳಿಗೆ ಮಾರ್ಚ್‌ನಿಂದ ಜೂನ್‌ವರೆಗೆ ಬೇರೆ ಮಿತಿ ಇಡಲಿ. ಯೋಜನೆ ಚಾಲನೆ ಪಡೆದ ಊರಿನ ಜನ ಸರ್ಕಾರವನ್ನು ಇಷ್ಟು ಕೇಳುವುದು ಹೆಚ್ಚಲ್ಲ. ಓದುಗರು ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳ ಯೂನಿಟ್ ಪಟ್ಟಿ ಮಾಡಿ, ಅರ್ಜಿಯ ಜತೆ ಲಗತ್ತಿಸಿ, ತಮ್ಮ ಶಾಸಕರಿಗೂ ಜೆಸ್ಕಾಂ ಕಚೇರಿಗೂ ಕೊಡಲಿ.