ಯಾವ ಕೋರಿಗೆ ಯಾವ ಕೆಲಸ?

ಬಯಲುಸೀಮೆಯ ಕೆರೆಗಳ ಆಸರೆಯಲ್ಲಿ ಬೆಳೆದವರಿಗೆ ನೀರುಗಂಟಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ಹಿರಿಯರನ್ನು ಕೇಳಿದರೆ, ಕೆರೆಯ ತೂಬನ್ನೆತ್ತಿ, ಇಂದು ಈ ಗದ್ದೆಗೆ, ನಾಳೆ ಆ ತೋಟಕ್ಕೆ ಎಂದು ಸರದಿಯ ಪ್ರಕಾರ ನೀರು ಬಿಡುತ್ತಿದ್ದವನ ಕತೆಯನ್ನು ಅವರೇ ಹೇಳಿಯಾರು. ತನ್ನ ಪೈರಿಗೆ ನೀರು ಬಂದರೆ ಸಾಕು. ಅದು ಯಾವ ಕಾಲುವೆಯಿಂದ ಬಂದಿತೆಂಬ ಚಿಂತೆ ರೈತನಿಗಿಲ್ಲ. ಆದರೆ ಒಂದು ಎಕರೆ ಬತ್ತಕ್ಕೆ ಎಷ್ಟು ನೀರು ಬೇಕೆಂದು ಕರಾರುವಾಕ್ಕಾಗಿ ಅಳೆಯಬೇಕೆಂಬ ಸಂಶೋಧಕನೊಬ್ಬನು ಬಂದನೆನ್ನಿ. ಅವನು ಮೊದಲು ಮಾಡತಕ್ಕ ಕೆಲಸವೇನು? ನೀರುಗಂಟಿಯನ್ನು ಸ್ವಲ್ಪ ಕಾಲ ದೂರವಿರಿಸಿ, ಇಂಥ ಗದ್ದೆಗೆ ಇಂಥ ಕಾಲುವೆಯೇ ಎಂದು ಕಟ್ಟುಮಾಡುವುದು.

ಇಂದಿನ ಗಣಕಯಂತ್ರದ ಒಳಗೂ ಇಂಥದೇ ಒಂದು ಏರ್ಪಾಡಿದೆ. ಹಿಂದೆ ಒಂದು ಯಂತ್ರಕ್ಕೆ ಲೆಕ್ಕ ಮಾಡುವ ಅಂಗ ಒಂದೇ ಇರುತ್ತಿತ್ತು. ಈಗ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಅಂಥ ಅಂಗಗಳು ನಾಲ್ಕು, ಎಂಟು, ಕೆಲವು ಯಂತ್ರಗಳಲ್ಲಿ ನೂರಕ್ಕೂ ಮೇಲ್ಪಟ್ಟು ಇರುತ್ತವೆ. ಇವಕ್ಕೆ ಕೋರ್ ಎಂದು ಹೆಸರು. ಯಾವ ಪ್ರೋಗ್ರಾಮು ಯಾವ ಕೋರಿನಲ್ಲಿ ಎಷ್ಟು ಹೊತ್ತು ನಡೆಯಬೇಕೆಂಬುದನ್ನು ನಿರ್ಣಯಿಸುವ ನೀರುಗಂಟಿಯೇ ಆಪರೇಟಿಂಗ್ ಸಿಸ್ಟಂ. ಕಣ್ಣು ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಅದು ಒಂದು ಪ್ರೋಗ್ರಾಮನ್ನು ಒಂದು ಕೋರಿನಿಂದ ಎತ್ತಿ ಇನ್ನೊಂದರಲ್ಲಿ ಇಳಿಸಿರುತ್ತದೆ. ಬಳಸುವವನಿಗೆ ಇದು ತಿಳಿಯುವುದೂ ಇಲ್ಲ, ತಿಳಿಯಬೇಕಾಗಿಯೂ ಇಲ್ಲ.

ಕೋರುಗಳೆಲ್ಲ ಒಂದೇ ತೆರನಾಗಿದ್ದರೆ, ಯಾವುದರಲ್ಲಿ ನಡೆದರೇನು ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವಾಗಿ ನಮ್ಮ ರಾಜ್ಯದಲ್ಲೇ ರೂಪುಗೊಂಡ ಒಂದು ಬಿಲ್ಲೆಯನ್ನು ನೋಡೋಣ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಕಂಪನಿಯು ಜಿಯಾನ್ 7400 ಎಂಬ ಪ್ರೊಸೆಸರನ್ನು ಹೊರತಂದಿತು. ‘ಡನಿಂಗ್ಟನ್’ ಎಂಬ ಒಳಹೆಸರಿನ ಈ ಆರು ಕೋರುಗಳ ಬಿಲ್ಲೆಯ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಅದರಲ್ಲಿ ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳಿದ್ದವು. ಆರು ಕೋರುಗಳನ್ನು ಎರಡೆರಡಾಗಿ ಮೂರು ಜೋಡಿ ಮಾಡಿ, ಒಂದೊಂದು ಜೋಡಿಗೆ 3 ಮೆಗಾಬೈಟಿನ ಕ್ಯಾಷನ್ನು ಕೊಟ್ಟಿದ್ದರು. ಎಲ್ಲವಕ್ಕೂ ಸೇರಿ 16 ಮೆಗಾಬೈಟಿನ ಇನ್ನೊಂದು ಕ್ಯಾಷ್ ಇತ್ತು. ಮುಖ್ಯ ಸ್ಮೃತಿಯು ಕೋರಿಗೆ ಬಹು ದೂರ. ಅಲ್ಲಿಂದ ಒಂದು ಅಂಕಿಯನ್ನು ತರುವಷ್ಟರಲ್ಲಿ ಕೋರು ನೂರಾರು ಹೆಜ್ಜೆಗಳಷ್ಟು ಕಾಲ ಕಾಯಬೇಕಾದೀತು. ಆದುದರಿಂದ ಪದೇ ಪದೇ ಬೇಕಾಗುವ ದತ್ತಾಂಶವನ್ನು ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಳ್ಳುವ ಸಣ್ಣ ಉಗ್ರಾಣವೇ ಕ್ಯಾಷ್.

ಇಂಥ ಬಿಲ್ಲೆಯಲ್ಲಿ ದತ್ತಾಂಶಕ್ಕಾಗಿ ಹಸಿದ ಎರಡು ಪ್ರೋಗ್ರಾಮುಗಳು ಒಂದೇ ಜೋಡಿಯ ಪಾಲಿಗೆ ಬಿದ್ದವೆಂದು ಭಾವಿಸಿ. ಒಂದು ತಂದಿಟ್ಟುದನ್ನು ಮತ್ತೊಂದು ಹೊರಗೆಸೆಯುತ್ತದೆ. ಪಕ್ಕದ ಎರಡು ಜೋಡಿಗಳು ಬರಿದಾಗಿ ಕುಳಿತಿದ್ದರೂ ಇವೆರಡೂ ಕುಂಟುತ್ತವೆ. ಬೇರೆ ಬೇರೆ ಜೋಡಿಗಳಲ್ಲಿ ಇರಿಸಿದರೆ ಈ ಜಗಳ ಬಹುಮಟ್ಟಿಗೆ ನಿಲ್ಲುತ್ತದೆ; ಪೂರ್ತಿಯಾಗಿ ನಿಲ್ಲದು, ಏಕೆಂದರೆ ದೊಡ್ಡ ಕ್ಯಾಷ್ ಎಲ್ಲರಿಗೂ ಸೇರಿದುದು. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರವನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ: ಎಡದಂಡೆಯ ನಾಲೆ ಬೇರೆ, ಬಲದಂಡೆಯ ನಾಲೆ ಬೇರೆ, ಆದರೂ ಎರಡಕ್ಕೂ ಇರುವ ನೀರು ಮಾರಿಕಣಿವೆಯ ಒಂದೇ ಜಲಾಶಯದ್ದು.

ಬಿಲ್ಲೆ ಸಿದ್ಧವಾಗಿದ್ದರೆ ಅದರ ಮೇಲೆಯೇ ಅಳೆದು ನೋಡಬಹುದು. ಇನ್ನೂ ಹುಟ್ಟದ ಬಿಲ್ಲೆಯನ್ನು ಅಳೆಯುವುದು ಹೇಗೆ? ಕೃಷ್ಣರಾಜಸಾಗರದ ಸಂಶೋಧನ ಕೇಂದ್ರದಲ್ಲಿ ಇಂಜಿನಿಯರುಗಳು ಅಣೆಕಟ್ಟಿನ ಕಿರುಮಾದರಿಯನ್ನು ಕಟ್ಟಿ, ನೀರು ಹರಿಸಿ ನೋಡುವುದುಂಟು. ಗಣಕದ ಶಿಲ್ಪಿಗಳು ಕಟ್ಟುವ ಮಾದರಿ ಮಣ್ಣಿನದಲ್ಲ, ಗಾರೆಯದಲ್ಲ. ಅದೂ ಒಂದು ಪ್ರೋಗ್ರಾಮೇ. ಇದೇ ಸಿಮ್ಯುಲೇಟರು. ಇವುಗಳಲ್ಲಿ ಹೆಸರಾದ ‘ಜೆಮ್5’ ಎಂಬುದು ಮಿಷಿಗನ್ ವಿಶ್ವವಿದ್ಯಾನಿಲಯದ ‘ಎಮ್5’, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ‘ಜೆಮ್ಸ್’ ಎಂಬೆರಡರ ಕೂಡಿಕೆಯಿಂದ ಹುಟ್ಟಿ, 2011ರಲ್ಲಿ ಪ್ರಬಂಧರೂಪದಲ್ಲಿ ಲೋಕಕ್ಕೆ ಪರಿಚಿತವಾಯಿತು. ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದು.

ತಾಳ್ಮೆ ಮಾತ್ರ ಬೇಕು. ಮಾದರಿಯು ಸೂಕ್ಷ್ಮವಾದಷ್ಟೂ ಅದರ ನಡಿಗೆ ಮಂದ. ನಿಜವಾದ ಕೋರು ಸೆಕೆಂಡಿಗೆ 300 ಕೋಟಿ ಆದೇಶಗಳನ್ನು ನಡೆಸುವುದೆಂದೂ ಸಿಮ್ಯುಲೇಟರು ಒಂದು ಲಕ್ಷವನ್ನು ಮಾತ್ರ ನಡೆಸಬಲ್ಲುದೆಂದೂ ಇಟ್ಟುಕೊಳ್ಳೋಣ. ಆಗ ಆ ಒಂದು ಸೆಕೆಂಡಿನ ಕೆಲಸಕ್ಕೆ 30,000 ಸೆಕೆಂಡು, ಅಂದರೆ 8 ಗಂಟೆ 20 ಮಿನಿಟು ಹಿಡಿಯುತ್ತದೆ. ನಾಲ್ಕು ಕೋರುಗಳನ್ನು ಒಂದಾದ ಮೇಲೊಂದರಂತೆ ಅನುಕರಿಸಿದರೆ 33 ಗಂಟೆಗೂ ಮಿಕ್ಕಿ! ಒಂದೂವರೆ ದಿನ ಕಾದ ಮೇಲೆ, ಪ್ರೋಗ್ರಾಮು ನಾವೆಣಿಸಿದ ಕೋರಿನಲ್ಲಿ ನಡೆದೇ ಇರಲಿಲ್ಲವೆಂದು ತಿಳಿದರೆ ಏನಾದೀತು? ಇಂಥ ಪೆಟ್ಟು ತಿನ್ನದ ವಿದ್ಯಾರ್ಥಿ ವಿರಳ.

ಜೆಮ್5ನಲ್ಲಿ ಪ್ರೋಗ್ರಾಮನ್ನು ನಡೆಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಆಪರೇಟಿಂಗ್ ಸಿಸ್ಟಂ ಇರುವುದೇ ಇಲ್ಲ. ಪ್ರೋಗ್ರಾಮು ಕಡತವನ್ನು ತೆರೆ, ಸ್ಮೃತಿಯನ್ನು ಕೊಡು ಎಂದು ಕೇಳಿದಾಗ ಸಿಮ್ಯುಲೇಟರೇ ಅದನ್ನು ನೆರವೇರಿಸುತ್ತದೆ. ಇಲ್ಲಿ ನೀರುಗಂಟಿಯಿಲ್ಲವಾದ್ದರಿಂದ ಹಂಚಿಕೆಯನ್ನು ನಾವೇ ಬರೆದುಕೊಡಬೇಕು: 0ನೆಯ ಕೋರಿಗೆ ಈ ಪ್ರೋಗ್ರಾಮು, 1ನೆಯದಕ್ಕೆ ಆ ಪ್ರೋಗ್ರಾಮು, ಹೀಗೆ. ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆ ಇರತಕ್ಕದ್ದು. ಒಮ್ಮೆ ಕಟ್ಟಿದ ಗಂಟು ಕೊನೆಯವರೆಗೂ ಬಿಚ್ಚದು; ಸರದಿಯೂ ಇಲ್ಲ, ಸ್ಥಳಾಂತರವೂ ಇಲ್ಲ. ಆದುದರಿಂದಲೇ ಕೋರುಗಳ ಎಣಿಕೆಗಿಂತ ಹೆಚ್ಚಿನ ಕೆಲಸವನ್ನು ಇಲ್ಲಿ ಹೇರಲು ಬರುವುದಿಲ್ಲ.

ಎಡವುವುದು ಎಲ್ಲಿ ಎಂದರೆ, ಸಾಮಾನ್ಯ ಕವಲುಗಳಿಲ್ಲದ ಒಂದೇ ಪ್ರೋಗ್ರಾಮನ್ನು ಕೊಟ್ಟು ‘ನಾಲ್ಕು ಕೋರು’ ಎಂದು ಬರೆದಾಗ. ಸಿಮ್ಯುಲೇಟರು ಗೊಣಗದೆ ಕೆಲಸ ಮುಗಿಸುತ್ತದೆ. ಆದರೆ ದುಡಿದದ್ದು 0ನೆಯ ಕೋರು ಒಂದೇ. ಉಳಿದ ಮೂರೂ ಎಂದೂ ಹುಟ್ಟದ ಕವಲಿಗಾಗಿ ಕಾದು ಕುಳಿತಿರುತ್ತವೆ. ‘ನಾಲ್ಕು ಕೋರುಗಳಿಂದಲೂ ವೇಗ ಹೆಚ್ಚಲಿಲ್ಲ’ ಎಂದು ವರದಿ ಬರೆಯುವ ಮುನ್ನ, ಕೊನೆಯಲ್ಲಿ ದೊರೆಯುವ ಅಂಕಿಅಂಶಗಳ ಕಡತದಲ್ಲಿ ಪ್ರತಿ ಕೋರು ನಡೆಸಿದ ಆದೇಶಗಳ ಸಂಖ್ಯೆಯನ್ನು ಓದಬೇಕು. ಸೊನ್ನೆ ಕಂಡರೆ ತಪ್ಪು ಯಂತ್ರದ್ದಲ್ಲ.

ಎರಡನೆಯ ದಾರಿಯಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇಡಿಯಾಗಿ ಮಾದರಿಯೊಳಗೆ ಎಚ್ಚರಗೊಳ್ಳುತ್ತದೆ. ನೀರುಗಂಟಿ ಮರಳಿ ಬರುತ್ತಾನೆ. ಈಗ ಹಂಚಿಕೆಯ ಅಪ್ಪಣೆಯನ್ನು ಅವನಿಗೇ ಕೊಡಬೇಕು. ‘ಟಾಸ್ಕ್‌ಸೆಟ್’ ಎಂಬ ಆಜ್ಞೆಯಿಂದ, ಈ ಪ್ರೋಗ್ರಾಮು 2ನೆಯ ಕೋರಿನಲ್ಲಿ ಮಾತ್ರ ನಡೆಯಲಿ ಎಂದು ಹೇಳಬಹುದು. ಈ ಅಪ್ಪಣೆಯ ಅರ್ಥವನ್ನು ಎಚ್ಚರದಿಂದ ತಿಳಿಯಬೇಕು. ಪ್ರೋಗ್ರಾಮು ಆ ಕೋರನ್ನು ಬಿಟ್ಟು ಹೋಗದು, ನಿಜ. ಆದರೆ ಬೇರೆಯವು ಅಲ್ಲಿಗೆ ಬಾರವೆಂಬ ಭರವಸೆ ಇದರಲ್ಲಿಲ್ಲ. ಬೇರೆಯವನ್ನು ದೂರವಿಡಬೇಕಾದರೆ ಲಿನಕ್ಸಿಗೆ ಆರಂಭದಲ್ಲೇ ಪ್ರತ್ಯೇಕವಾಗಿ ತಿಳಿಸಬೇಕು. 0 ಮತ್ತು 1 ಎಂಬ ಸಂಖ್ಯೆಯ ಕೋರುಗಳು ಒಂದೇ ಕ್ಯಾಷಿನ ಪಾಲುದಾರರಾಗಿರಬೇಕೆಂಬ ನಿಯಮವೂ ಇಲ್ಲ.

ಹಂಚಿಕೆ ಸರಿಯಾದರೂ ಅಳತೆ ತಪ್ಪಬಹುದು. ನಾಲ್ಕು ಪ್ರೋಗ್ರಾಮುಗಳಲ್ಲಿ ಒಂದು ಬೇಗ ಮುಗಿದರೆ ಅದರ ಪಾಲಿನ ಕ್ಯಾಷ್ ಉಳಿದವಕ್ಕೆ ದಕ್ಕಿ, ಅವು ಇದ್ದಕ್ಕಿದ್ದಂತೆ ಚುರುಕಾಗುತ್ತವೆ. ಆದಕಾರಣ ಮುಗಿದುದನ್ನು ಮತ್ತೆ ಮೊದಲಿನಿಂದ ಓಡಿಸುತ್ತ, ಎಲ್ಲವೂ ಗೊತ್ತಾದ ಎಣಿಕೆಯನ್ನು ಮುಟ್ಟುವವರೆಗೆ ಪೈಪೋಟಿಯನ್ನು ಉಳಿಸಿಕೊಳ್ಳುವುದು ಸಂಶೋಧಕರ ರೂಢಿ. ಹಂಚಿಕೊಂಡ ಕ್ಯಾಷಿನ ಈ ವ್ಯಾಜ್ಯಕ್ಕೆ ಬೆಂಗಳೂರಿನಿಂದಲೇ ಒಂದು ಪರಿಹಾರ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಮಣಿಕಂಠನ್, ಆರ್. ಗೋವಿಂದರಾಜನ್ ಇವರು ಕೌಶಿಕ್ ರಾಜನ್ ಅವರೊಡನೆ 2012ರಲ್ಲಿ ‘ಪ್ರಿಸ್ಮ್’ ಎಂಬ ವಿಧಾನವನ್ನು ಪ್ರಕಟಿಸಿದರು. ಕ್ಯಾಷನ್ನು ಗೋಡೆ ಹಾಕಿ ಭಾಗಮಾಡುವ ಬದಲು, ಯಾವ ಕೋರಿನ ದತ್ತಾಂಶವನ್ನು ಎಷ್ಟು ಸಂಭವನೀಯತೆಯಿಂದ ಹೊರಹಾಕಬೇಕೆಂಬುದನ್ನು ಏರಿಳಿಸಿ ಪಾಲನ್ನು ಹತೋಟಿಯಲ್ಲಿಡುವುದು ಇದರ ಮರ್ಮ. ಆ ಸಂಸ್ಥೆಯ ಎರಡನೆಯ ಆವರಣ ಚಿತ್ರದುರ್ಗ ಜಿಲ್ಲೆಯ ಕುದಾಪುರದಲ್ಲೇ ಇದೆ ಎಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ಬಲ್ಲರಷ್ಟೆ.

ಸಿಮ್ಯುಲೇಟರು ಕೈಗೆ ಸಿಗುವ ಮೊದಲೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಲಿನಕ್ಸ್ ಇರುವ ಕಾಲೇಜಿನ ಯಂತ್ರವೊಂದರಲ್ಲಿ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಪುಟ್ಟ ಪ್ರೋಗ್ರಾಮನ್ನು ಬರೆಯಿರಿ. ಅದರ ಎರಡು ಪ್ರತಿಗಳನ್ನು ಟಾಸ್ಕ್‌ಸೆಟ್‌ನಿಂದ ಒಂದೇ ಕೋರಿಗೆ ಕಟ್ಟಿ ಒಟ್ಟಿಗೆ ಓಡಿಸಿ, ಹಿಡಿದ ಕಾಲವನ್ನು ಗುರುತು ಹಾಕಿಕೊಳ್ಳಿ. ಬಳಿಕ ಎರಡು ಬೇರೆ ಕೋರುಗಳಿಗೆ ಕಟ್ಟಿ ಮತ್ತೆ ಓಡಿಸಿ. ಮೊದಲ ಸಲದ ಕಾಲ ಎರಡನೆಯದರ ಸುಮಾರು ಎರಡರಷ್ಟು ಇರಬೇಕು. ಹಾಗೆ ಬಾರದಿದ್ದರೆ, ನೀವು ಆರಿಸಿದ ಎರಡು ಸಂಖ್ಯೆಗಳು ಒಂದೇ ಕೋರಿನ ಎರಡು ಹೆಸರುಗಳಾಗಿರಬಹುದು. ಬೇರೊಂದು ಸಂಖ್ಯೆಯನ್ನು ಹಿಡಿದು ಮತ್ತೊಮ್ಮೆ ನೋಡಿ.